ಮಾರಾದಲ್ಲಿ ತೆಗೆದ ಕಪ್ಪು ಹಕ್ಕಿ ಫೋಟೋ ಎಲ್ಲಾ ಇದ್ದಿಲು! ಪ್ಲಸ್ಸಾ, ಮೈನಸ್ಸಾ?

ಹೊಳೆದಂಡೆ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಕೀನ್ಯಾಕ್ಕೆ ಹೋಗಿ ಬಂದೆ. ಮಸಾಯಿ ಮಾರಾದಲ್ಲಿ ನಾಲ್ಕು ದಿನ. ಸಿಂಹ, ಚೀತಾ, ನದಿ ದಾಟುವ ವಿಲ್ಡೆಬೀಸ್ಟ್ ಎಲ್ಲಾ ಸಿಕ್ಕಿತು, ಫೋಟೋನೂ ಚೆನ್ನಾಗೇ ಬಂತು. ಹೊಟ್ಟೆ ಉರೀತಿರೋದು ಹಕ್ಕಿಗಳ ವಿಷಯಕ್ಕೆ.

ಮೂರನೇ ದಿನ ಬೆಳಿಗ್ಗೆ ಐದು ನೆಲಮಂಗಟ್ಟೆ ಸಿಕ್ಕವು. ಇಂಗ್ಲಿಷಿನವರು ಸದರ್ನ್ ಗ್ರೌಂಡ್ ಹಾರ್ನ್‌ಬಿಲ್ ಅನ್ನುತ್ತಾರಲ್ಲ, ಅದೇ. ನಮ್ಮ ದಾಂಡೇಲಿ ಮಂಗಟ್ಟೆಯ ನೆಂಟರು, ಆದರೆ ಹೊಲ ನೋಡೋಕೆ ಬಂದ ಗೌಡರ ಹಾಗೆ ನೆಲದ ಮೇಲೇ ನಡೆದು ಹೋಗುತ್ತವೆ. ಮೈಯೆಲ್ಲಾ ಕಪ್ಪು, ಮುಖ ಮತ್ತು ಗಂಟಲು ಕೆಂಪು. ದೊಡ್ಡ ಗಂಡು ಒಂದು ಕೊಕ್ಕಲ್ಲಿ ಕಪ್ಪೆ ಹಿಡಿದುಕೊಂಡು ಜೀಪಿನ ಪಕ್ಕಕ್ಕೇ ಬಂತು. ಇಪ್ಪತ್ತು ನಿಮಿಷದಲ್ಲಿ 340 ಫೋಟೋ.

ಮನೆಗೆ ಬಂದು ಕಂಪ್ಯೂಟರಲ್ಲಿ ನೋಡಿದರೆ, ಅರ್ಧ ಫೋಟೋದಲ್ಲಿ ಹಕ್ಕಿ ಕಾಗದಕ್ಕೆ ಬಿದ್ದ ತೂತಿನ ಹಾಗಿದೆ. ಕಣ್ಣಿಲ್ಲ, ರೆಕ್ಕೆಯಿಲ್ಲ, ಒಂದು ಕಪ್ಪು ಆಕಾರ ಅಷ್ಟೆ. ಇನ್ನರ್ಧದಲ್ಲಿ ಬೂದಿ ಬಣ್ಣ, ಮುಖದ ಕೆಂಪು ಟೊಮೇಟೊ ಸಾಸ್ ಚೆಲ್ಲಿದ ಹಾಗೆ. ಅದೇ ಕ್ಯಾಮೆರಾ, ಅದೇ ಹಕ್ಕಿ, ಅದೇ ಇಪ್ಪತ್ತು ನಿಮಿಷ!

150-600 ಲೆನ್ಸ್, ಅಪರ್ಚರ್ ಪ್ರಯಾರಿಟಿ (ಬೆಳಕಿನ ಕಿಂಡಿ ಎಷ್ಟು ತೆರೀಬೇಕು ಅಂತ ನಾನು ಇಡೋದು, ಶಟರ್ ವೇಗ ಕ್ಯಾಮೆರಾದ್ದು), ಕಿಂಡಿ ಎಫ್ 6.3, ಮೀಟರಿಂಗ್ ಅಂದರೆ ಬೆಳಕು ಅಳೆಯೋದು ಮಾಮೂಲಿ ಮ್ಯಾಟ್ರಿಕ್ಸ್, ಇಡೀ ಫ್ರೇಮ್ ನೋಡಿ. ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ನಾವು ಹೆಚ್ಚು ಕಮ್ಮಿ ಮಾಡೋ ಕಾಂಪೆನ್ಸೇಶನ್ ಇದೆಯಲ್ಲ, ಒಬ್ಬ ಗೆಳೆಯ ಕಪ್ಪು ಹಕ್ಕಿಗೆ ಅದನ್ನು ಮೈನಸ್ ಒಂದು ಇಡು ಅಂದ. ಇನ್ನೊಬ್ಬ ಪ್ಲಸ್ ಒಂದು ಇಡಬೇಕಿತ್ತು ದಡ್ಡ ಅಂದ. ಯಾರ ಮಾತು ಕೇಳಲಿ?

ಜೂಮ್_ಜಗ್ಗ
ಸಿಂಹ ಬಿಟ್ಟು ಕಾಗೆ ತರದ ಹಕ್ಕಿಗೆ 340 ಫೋಟೋ! ಜೀಪಲ್ಲಿ ಜೊತೆಗಿದ್ದವರು ಹೊಡೆಯಲಿಲ್ವಾ ಗುರು?

ಹೊಳೆದಂಡೆ
ಹೊಡೆಯೋದೊಂದು ಬಾಕಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ಲೋಕಲ್_ಫೋಕಲ್
ಪ್ಲಸ್ ಇಡಿ. ಕಪ್ಪು ಅಂದರೆ ಬೆಳಕು ಕಮ್ಮಿ, ಜಾಸ್ತಿ ಬೆಳಕು ಕೊಡಬೇಕು. ಇಷ್ಟು ಸಿಂಪಲ್.

ಕಾಜಾಣ_77
ಅಷ್ಟು ಸಿಂಪಲ್ ಅಲ್ಲ ಸ್ವಾಮಿ. ಉಲ್ಟಾ ಹೇಳುತ್ತಿದ್ದೀರಿ. ಕ್ಯಾಮೆರಾದ ಮೀಟರಿಗೆ ಹಕ್ಕಿ ಗೊತ್ತಿಲ್ಲ, ಕಪ್ಪು ಬಿಳುಪೂ ಗೊತ್ತಿಲ್ಲ. ಎದುರಿಗೆ ಏನಿದ್ದರೂ ಅದನ್ನು ನಡುಮಟ್ಟದ ಬೂದು ಮಾಡುವುದೇ ಅದರ ಕೆಲಸ. ಫ್ರೇಮ್ ತುಂಬ ಕಪ್ಪು ಹಕ್ಕಿ ಇದ್ದರೆ, ಅಯ್ಯೋ ಕತ್ತಲೆ ಅಂದುಕೊಂಡು ಬೆಳಕು ಜಾಸ್ತಿ ಎಳೆಯುತ್ತದೆ. ಕಪ್ಪು ಬೂದಿಯಾಗುತ್ತದೆ, ಕೆಂಪು ಉಕ್ಕಿ ಚೆಲ್ಲುತ್ತದೆ. ಅಲ್ಲಿ ಮೈನಸ್ ಬೇಕು, ಮುಕ್ಕಾಲಿನಿಂದ ಒಂದು ಸ್ಟಾಪ್. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ.

ಲೋಕಲ್_ಫೋಕಲ್
ಹಾಗಾದರೆ ಆ ತೂತಿನ ಫೋಟೋಗಳು ಯಾಕೆ ಹಾಗೆ ಬಂದವು? ಅದಕ್ಕೂ ಮೈನಸ್ಸಾ? ಇದ್ದಿಲಿಗೆ ಮಸಿ ಬಳಿದ ಹಾಗಾಯ್ತು.

ಕಾಜಾಣ_77
ಅದೇ ಹೇಳೋಕೆ ಹೊರಟೆ, ಬಿಟ್ಟರೆ ತಾನೆ. ಹಕ್ಕಿ ಫ್ರೇಮಲ್ಲಿ ಚಿಕ್ಕದಾಗಿದ್ದು ಹಿಂದೆ ಬೆಳ್ಳನೆ ಆಕಾಶ ಇದ್ದರೆ, ಮೀಟರು ಆಕಾಶ ನೋಡಿ ಬೆಳಕು ಕಮ್ಮಿ ಮಾಡುತ್ತದೆ. ಆಗ ಪ್ಲಸ್ ಒಂದೂವರೆ, ಎರಡು ಬೇಕಾಗುತ್ತದೆ. ಇಬ್ಬರು ಗೆಳೆಯರೂ ಸರಿ. ಇಬ್ಬರೂ ಅರ್ಧ ಹೇಳಿದ್ದಾರೆ ಅಷ್ಟೆ. ಹಕ್ಕಿಯ ಬಣ್ಣ ಒಂದನ್ನೇ ನೋಡಿ ಪ್ಲಸ್ ಮೈನಸ್ ಹೇಳೋಕಾಗಲ್ಲ. ಹಕ್ಕಿ ಎಷ್ಟು ಜಾಗ ತಗೊಂಡಿದೆ, ಹಿಂದೆ ಏನಿದೆ ಅನ್ನುವುದೂ ಬೇಕು.

ಹೊಳೆದಂಡೆ ಅವರೇ, ತೂತಿನ ಫೋಟೋಗಳಲ್ಲಿ ಹಿಂದೆ ಏನಿತ್ತು ನೋಡಿ ಹೇಳಿ.

ಹೊಳೆದಂಡೆ
ನೋಡಿದೆ. ಅವು ಒಂದು ಗೆದ್ದಲು ಹುತ್ತದ ಮೇಲೆ ಹತ್ತಿ ನಿಂತಿದ್ದವು, ಹಿಂದೆ ಪೂರ್ತಿ ಆಕಾಶ. ಬೂದಿಯಾದವೆಲ್ಲಾ ಜೀಪಿನ ಪಕ್ಕ ಬಂದಾಗ ತೆಗೆದವು, ಫ್ರೇಮ್ ತುಂಬ ಹಕ್ಕಿ. ಥೂ, ಕಣ್ಣ ಮುಂದೇ ಇತ್ತು ಉತ್ತರ.

ಲೋಕಲ್_ಫೋಕಲ್
ಸರಿ, ಒಪ್ಪಿದೆ. ನಾನು ತೆಗೆಯೋದೆಲ್ಲಾ ಕರೆಂಟ್ ತಂತಿ ಮೇಲೆ ಕೂತ ಹಕ್ಕಿಗಳನ್ನೇ, ಹಿಂದೆ ಯಾವಾಗಲೂ ಆಕಾಶ. ಅದಕ್ಕೇ ಪ್ಲಸ್ ಕೈಗೆ ಕೂತುಬಿಟ್ಟಿದೆ.

ರೀಲು_ಕಾಲದವನು
ಈ ಪ್ಲಸ್ಸು ಮೈನಸ್ಸು ಜಗಳವೇ ಬೇಡ ಮಕ್ಕಳೇ. ನಾವು ಸ್ಲೈಡ್ ಫಿಲ್ಮಿನಲ್ಲಿ ತೆಗೆಯುತ್ತಿದ್ದವರು, ಒಂದು ರೀಲಿಗೆ 36 ಫೋಟೋ, ಅರ್ಧ ಸ್ಟಾಪ್ ತಪ್ಪಿದರೂ ಕಸದ ಬುಟ್ಟಿಗೆ. ಒಂದೇ ಸೂತ್ರ ಇತ್ತು. ಕಡಕ್ ಬಿಸಿಲಿದ್ದರೆ ಎಫ್ 16, ಶಟರ್ ವೇಗ ಐಎಸ್‌ಒ (ಫಿಲ್ಮು ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) ಎಷ್ಟೋ ಅಷ್ಟು. ಐಎಸ್‌ಒ 400 ಆದರೆ ಎಫ್ 16ಕ್ಕೆ ಸೆಕೆಂಡಿನ 400ನೇ ಒಂದು ಭಾಗ. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಎಫ್ 5.6ಕ್ಕೆ ಬಂದರೆ ಮೂರು ಸ್ಟಾಪ್ ಬೆಳಕು ಜಾಸ್ತಿ, ಹಾಗಾಗಿ 3200ನೇ ಒಂದು ಭಾಗ. ಕಪ್ಪು ಹಕ್ಕಿಯ ಗರಿ ಕಾಣಬೇಕು ಅಂದರೆ ಅದರಿಂದ ಒಂದು ಸ್ಟಾಪ್ ತೆರೆಯಿರಿ, 1600. ಮುಗೀತು. ಹಿಂದೆ ಆಕಾಶ ಇರಲಿ, ಹುಲ್ಲಿರಲಿ, ಆನೆಯೇ ನಿಂತಿರಲಿ, ಹಕ್ಕಿಯ ಮೇಲೆ ಬೀಳುವ ಬಿಸಿಲು ಅದೇ ತಾನೆ?

ಕಾಜಾಣ_77
ಸರ್, ಇದು ಬಂಗಾರದಂಥ ಮಾತು. ನಾನೂ ಮ್ಯಾನುಯಲ್ಲೇ, ಎಲ್ಲಾ ಕೈಯಿಂದಲೇ ಇಡೋದು. ಆದರೆ ಲೆಕ್ಕ ಹಾಕುವ ಬದಲು ಬಿಸಿಲಲ್ಲಿರುವ ಹುಲ್ಲಿಗೆ ಬೆಳಕು ಅಳೆದು ಆ ಸೆಟ್ಟಿಂಗಿಗೇ ಬೀಗ ಹಾಕಿಬಿಡುತ್ತೇನೆ. ಮಾರಾದ ಒಣ ಹುಲ್ಲು ನಡುಮಟ್ಟಕ್ಕಿಂತ ಸ್ವಲ್ಪ ತಿಳಿ, ಅಂದಾಜು ಸರಿಹೋಗುತ್ತದೆ.

ಜೂಮ್_ಜಗ್ಗ
ಮ್ಯಾನುಯಲ್ ಅಂತೆ. ಮಧ್ಯಾಹ್ನ ಆದರೆ ಮಾರಾದಲ್ಲಿ ಮೋಡ ನಿಮಿಷಕ್ಕೊಂದು ಸಲ ಬರುತ್ತೆ ಹೋಗುತ್ತೆ. ನೀವು ಚಕ್ರ ತಿರುಗಿಸೋ ಅಷ್ಟರಲ್ಲಿ ಹಕ್ಕಿ ಟಾಂಜಾನಿಯಾದಲ್ಲಿರುತ್ತೆ. ಶಟರ್, ಅಪರ್ಚರ್ ಕೈಯಲ್ಲಿಟ್ಟುಕೊಂಡು ಐಎಸ್‌ಒ ಆಟೋಗೆ ಬಿಡಿ. ಬೇಕಾದಾಗ ಹೆಬ್ಬೆರಳಲ್ಲಿ ಕಾಂಪೆನ್ಸೇಶನ್. ಇದು 2020ರ ದಶಕ ಸ್ವಾಮಿ.

ರೀಲು_ಕಾಲದವನು
ಐಎಸ್‌ಒ ಆಟೋ ಅಂದ ಮೇಲೆ ಮತ್ತೆ ಮೀಟರಿನ ಕಾಲಿಗೇ ಬಿದ್ದ ಹಾಗಾಯಿತಲ್ಲಪ್ಪ. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದೆವು.

ಜೂಮ್_ಜಗ್ಗ
ಬಿದ್ದರೆ ಎದ್ದೇಳೋಕೆ ಹೆಬ್ಬೆರಳಿದೆ ಅಂದೆನಲ್ಲ ಅಂಕಲ್ 😄

ಪದ್ಮಾ_ಟೀಚರ್
ನನ್ನದೂ ಒಂದು ಮಾತು. ಆ ಕೆಂಪು ಮುಖದ ವಿಷಯ ಯಾರೂ ಸರಿಯಾಗಿ ಹೇಳಲಿಲ್ಲ. ನೆಲಮಂಗಟ್ಟೆ, ಬ್ಯಾಟಲರ್ ಗಿಡುಗ, ಇವೆರಡರಲ್ಲೂ ಕಡುಗಪ್ಪಿನ ಪಕ್ಕದಲ್ಲೇ ಕಡುಗೆಂಪು ಚರ್ಮ. ಕ್ಯಾಮೆರಾದ ಬಿಳಿ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ತೋರಿಸುವ ನಕ್ಷೆ) ನೋಡಿದರೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ. ಆದರೆ ಕೆಂಪು ಬಣ್ಣದ ಗೆರೆ ಒಂದೇ ಬಲಗಡೆ ಗೋಡೆಗೆ ಹೋಗಿ ಗುದ್ದಿರುತ್ತದೆ. ಚರ್ಮದ ಸುಕ್ಕೆಲ್ಲಾ ಅಳಿಸಿ ಪ್ಲಾಸ್ಟಿಕ್ ಬಲೂನಿನ ಹಾಗೆ ಕಾಣುತ್ತದೆ. ಅದಕ್ಕೇ ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿಕೊಳ್ಳಿ. ಕೆಂಪು ಗೋಡೆ ಮುಟ್ಟದಷ್ಟು ಬೆಳಕು ಕೊಡಿ, ಕಪ್ಪನ್ನು ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ಇನ್ನೂ ತಿದ್ದದ ಮೂಲ ಫೈಲು) ಎತ್ತಿ, ಅಂದರೆ ತಿಳಿ ಮಾಡಿ.

ಇನ್ನೊಂದು, ಫೋಕಸ್. ಕಪ್ಪು ಮೈ ಮೇಲೆ ಫೋಕಸ್ ಪಾಯಿಂಟ್ ಇಟ್ಟರೆ ಕ್ಯಾಮೆರಾಕ್ಕೆ ಹಿಡಿಯೋಕೆ ಏನೂ ಸಿಗುವುದಿಲ್ಲ, ಕುರುಡ ಗೋಡೆ ತಡವಿದ ಹಾಗೆ ಹಿಂದೆ ಮುಂದೆ ಹೋಗುತ್ತದೆ. ಕಪ್ಪು ಕೆಂಪು ಸೇರುವ ಅಂಚಿಗೆ ಇಡಿ, ಅಥವಾ ಕೊಕ್ಕಿನ ಬುಡಕ್ಕೆ.

ಹೊಳೆದಂಡೆ
ಟೀಚರ್, ನನ್ನದು ಕಣ್ಣು ಹಿಡಿಯುವ ಆಟೋಫೋಕಸ್ ಇರುವ ಕ್ಯಾಮೆರಾ. ಅದು ಗಂಟಲ ಚೀಲವನ್ನೇ ಕಣ್ಣು ಅಂದುಕೊಂಡು ಕೂತಿತ್ತು.

ಪದ್ಮಾ_ಟೀಚರ್
ಆಗುತ್ತೆ. ಆಗ ಅದನ್ನು ಆಫ್ ಮಾಡಿ ಒಂದೇ ಪಾಯಿಂಟಿಗೆ ಬನ್ನಿ. ಇದನ್ನೆಲ್ಲಾ ಅಭ್ಯಾಸ ಮಾಡೋಕೆ ಆಫ್ರಿಕಾಕ್ಕೆ ಹೋಗಬೇಕಿಲ್ಲ. ನಿಮ್ಮ ಮಹಡಿ ಮೇಲೆ ಕಾಗೆ ಬರಲ್ವಾ? ರಂಗನತಿಟ್ಟಿನಲ್ಲಿ ನೀರುಕಾಗೆ ಬಂಡೆ ಮೇಲೆ ರೆಕ್ಕೆ ಒಣಗಿಸುತ್ತಾ ಗಂಟೆಗಟ್ಟಲೆ ನಿಂತಿರುತ್ತೆ. ಅದರ ಗರಿ ಎಣಿಸುವ ಹಾಗೆ ತೆಗೆಯೋಕೆ ಬಂತು ಅಂದರೆ ನೆಲಮಂಗಟ್ಟೆ ಲೆಕ್ಕಕ್ಕೇ ಇಲ್ಲ.

ನೈರೋಬಿ_ನಿವಾಸಿ
ಇಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ, ವಾರಾಂತ್ಯಕ್ಕೆ ಮಾರಾ, ನೈವಾಷಾ ಸರೋವರ ಸುತ್ತುತ್ತೇನೆ. ನೀವೆಲ್ಲಾ ಕ್ಯಾಮೆರಾದ ಒಳಗೇ ಹೊಕ್ಕಿ ಕೂತಿದ್ದೀರಿ. ಸೂರ್ಯ ಎಲ್ಲಿದ್ದ ಅಂತ ಯಾರೂ ಕೇಳಲಿಲ್ಲ.

ಮಾರಾ ಇರುವುದು ಸಮಭಾಜಕ ವೃತ್ತದಿಂದ ಒಂದೂವರೆ ಡಿಗ್ರಿ ಕೆಳಗೆ. ವರ್ಷವಿಡೀ ಬೆಳಿಗ್ಗೆ ಆರೂವರೆಯ ಆಚೀಚೆ ಸೂರ್ಯ ಹುಟ್ಟುತ್ತಾನೆ, ಹುಟ್ಟಿದವನು ನೆಟ್ಟಗೆ ಮೇಲಕ್ಕೆ ಏರುತ್ತಾನೆ. ಒಳ್ಳೆ ಬೆಳಕು ಅನ್ನೋದು ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಒಂಬತ್ತೂವರೆಗೆ ನೆತ್ತಿ ಬಿಸಿಲು ಶುರು. ಕಪ್ಪು ಹಕ್ಕಿಯ ಬೆನ್ನು ಮಿರಮಿರ, ಹೊಟ್ಟೆ ಕತ್ತಲ ಕೋಣೆ. ಅದು ಸಾಲದ್ದಕ್ಕೆ ನೆಲದ ಬಿಸಿ ಎದ್ದು ಗಾಳಿ ನಡುಗುತ್ತೆ, 600 ಮಿಲಿಮೀಟರ್ ಲೆನ್ಸಿಗೆ ದೂರದ ಹಕ್ಕಿ ನೀರೊಳಗಿದ್ದ ಹಾಗೆ ಕಾಣುತ್ತೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ, ಟೀ ಕುಡಿಯೋದೊಂದೇ.

ಹಾಗಾಗಿ ಡ್ರೈವರಿಗೆ ಮೊದಲ ದಿನವೇ ಹೇಳಿಬಿಡಿ, ಗಾಡಿ ನಿಲ್ಲಿಸುವಾಗ ಸೂರ್ಯ ನಮ್ಮ ಬೆನ್ನಿಗಿರಲಿ, ನಿಂತ ಮೇಲೆ ಇಂಜಿನ್ ಆಫ್. ಅವರಿಗೆ ಇದು ಗೊತ್ತು. ಆದರೆ ಎಲ್ಲರೂ ಸಿಂಹ ಸಿಂಹ ಅನ್ನೋದರಿಂದ ಹಕ್ಕಿಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ ಅಂತ ಸುಮ್ಮನಿರುತ್ತಾರೆ.

ಹೊಳೆದಂಡೆ
ಡ್ರೈವರ್ ಮಾತು ಬಂತಲ್ಲ, ಜೀಪಿನ ಕಥೆ ಹೇಳಿಬಿಡುತ್ತೇನೆ. ದುಡ್ಡು ಉಳಿಯುತ್ತೆ ಅಂತ ಹಂಚಿಕೊಂಡ ಗಾಡಿ ತಗೊಂಡಿದ್ದೆ. ಒಟ್ಟು ಆರು ಜನ. ನೆಲಮಂಗಟ್ಟೆ ಹತ್ತಿರ ಐದು ನಿಮಿಷ ಆಗುತ್ತಿದ್ದ ಹಾಗೆ ಹಿಂದಿನ ಸೀಟಿನ ಯಜಮಾನರು "ಈ ಟರ್ಕಿ ಕೋಳಿ ಎಷ್ಟೊತ್ತು ನೋಡೋದ್ರೀ" ಅಂದರು. ರೇಡಿಯೋದಲ್ಲಿ ಚಿರತೆ ಅಂತ ಬಂತು. ಎಲ್ಲರೂ ಎದ್ದು ನಿಂತರು, ಗಾಡಿ ಅಲ್ಲಾಡೋಕೆ ಶುರುವಾಯಿತು. ನನ್ನ ಕೊನೆಯ ನೂರು ಫೋಟೋ ಬ್ಲರ್ ಆಗಿರೋದಕ್ಕೆ ಅದೇ ಕಾರಣ. ಹೋಗಿ ನೋಡಿದರೆ ಪೊದೆಯಿಂದ ಒಂದು ಬಾಲ ನೇತಾಡುತ್ತಿತ್ತು. ಮುಂದೆ ನಲವತ್ತು ನಿಮಿಷ ಆ ಬಾಲ ನೋಡಿದೆವು.

ಧಾರವಾಡದವ
ಬಾಲದ ಫೋಟೋ ಹಾಕ್ರಿ ಸರ್, ಎಕ್ಸ್‌ಪೋಶರ್ ಹೆಂಗ ಬಂದದ ನೋಡೋಣ.

ಕಡಲ_ಕಾಗೆ
ಮಾರಾಯ್ರೆ, ನಾವು ನಾಲ್ಕು ಜನ ಹಕ್ಕಿ ಹುಚ್ಚಿನವರೇ ಸೇರಿ ಒಂದು ಗಾಡಿ ಮಾಡಿದ್ದೆವು. ಖರ್ಚು ಜಾಸ್ತಿ ಆಯ್ತು, ಆದರೆ ಜಗಳ ಇಲ್ಲ. ಒಂದು ಕಿವಿಮಾತು: ಕಿಟಕಿಗೆ ಇಡೋಕೆ ಬೀನ್ ಬ್ಯಾಗ್ (ಲೆನ್ಸ್ ಅಲ್ಲಾಡದ ಹಾಗೆ ಅಡಿಗೆ ಇಡೋ ಕಾಳಿನ ಚೀಲ) ಬೇಕೇ ಬೇಕು, ಟ್ರೈಪಾಡ್ ಅಲ್ಲಿ ದಂಡ. ನಾನು ಊರಿಂದ ಎರಡು ಕೆಜಿ ಹುರುಳಿ ತುಂಬಿಸಿಕೊಂಡು ಹೋಗಿದ್ದೆ. ಕೊನೆ ದಿನ ಕ್ಯಾಂಪಿನ ಅಡುಗೆಯವರಿಗೆ ಕೊಟ್ಟು ಬಂದೆ. ಅವರು ಅದನ್ನು ಏನು ಮಾಡಿದರೋ ದೇವರೇ ಬಲ್ಲ.

ನೈರೋಬಿ_ನಿವಾಸಿ
ದಯವಿಟ್ಟು ಯಾರೂ ಹಾಗೆ ಕಾಳು ತರಬೇಡಿ. ವಿಮಾನ ನಿಲ್ದಾಣದಲ್ಲಿ ತೆಗೆಸಿಬಿಡಬಹುದು. ಖಾಲಿ ಚೀಲ ತನ್ನಿ, ಇಲ್ಲಿ ಯಾವ ಅಂಗಡಿಯಲ್ಲಾದರೂ ಬೀನ್ಸ್ ಕಾಳು ಸಿಗುತ್ತೆ. ನೈರೋಬಿಯ ವಿಲ್ಸನ್ ನಿಲ್ದಾಣದಿಂದ ಮಾರಾಕ್ಕೆ ಚಿಕ್ಕ ವಿಮಾನದಲ್ಲಿ ಹೋಗುವವರಿಗೆ ಸಾಮಾನ್ಯವಾಗಿ 15 ಕೆಜಿ ಮಾತ್ರ ಬಿಡುತ್ತಾರೆ, ಕ್ಯಾಮೆರಾನೂ ಸೇರಿ. ಅದರಲ್ಲಿ ಎರಡು ಕೆಜಿ ಹುರುಳಿ!

ಲೋಕಲ್_ಫೋಕಲ್
ಧೂಳಿಗೆ ಏನು ಮಾಡ್ತೀರಿ? ನಾನಂತೂ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟುತ್ತೇನೆ.

ನೈರೋಬಿ_ನಿವಾಸಿ
ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ 2017ರಿಂದ ನಿಷೇಧ. ಅಂಗಡಿ ಕವರ್ ಸುತ್ತಿಕೊಂಡು ಬಂದು ಇಳಿಯಬೇಡಿ. ಹಳೇ ದಿಂಬಿನ ಕವರ್ ಸಾಕು. ನಾನು ಲೆನ್ಸಿಗೆ ಹಾಕೋದು ನಮ್ಮಮ್ಮ ಹೊಲಿದು ಕೊಟ್ಟ ಪಂಚೆ ಬಟ್ಟೆಯ ಚೀಲ.

ಕಡಲ_ಕಾಗೆ
ಹುರುಳಿ ವಿಷಯ ಬಿಡಿ ಈಗ. ಕಪ್ಪು ಹಕ್ಕಿ ಅಂದಮೇಲೆ ಬೋಟ್ಸ್ವಾನಾದ ಚೋಬೆ ನದಿಯ ಕಪ್ಪು ಬಕದ ಕಥೆ ಹೇಳದೆ ಇರೋಕಾಗಲ್ಲ. ಮೈ ಪೂರ್ತಿ ಮಸಿ, ಕಾಲ ಬೆರಳು ಮಾತ್ರ ಹಳದಿ. ಅದು ಮೀನು ಹಿಡಿಯೋಕೆ ಎರಡೂ ರೆಕ್ಕೆ ಮುಂದಕ್ಕೆ ತಂದು ತಲೆ ಮೇಲೆ ಕೊಡೆ ಹಿಡಿದ ಹಾಗೆ ಮಾಡುತ್ತೆ. ನಾಲ್ಕು ಹೆಜ್ಜೆ ನಡೆಯುತ್ತೆ, ಟಪ್ ಅಂತ ಕೊಡೆ ಬಿಚ್ಚುತ್ತೆ, ಎರಡು ಮೂರು ಸೆಕೆಂಡ್, ಮತ್ತೆ ಮಡಚುತ್ತೆ. ಕೊಡೆ ಬಿಚ್ಚಿದಾಗ ತಲೆಯೇ ಕಾಣಲ್ಲ. ಎಲ್ಲರೂ ಅದನ್ನೇ ತೆಗೆದು ಮನೆಗೆ ಬಂದು ನೋಡಿದರೆ ನೀರಲ್ಲಿ ತೇಲುವ ಛತ್ರಿ! ಬಿಚ್ಚುವ ಕ್ಷಣ ಅಥವಾ ಮಡಚುವ ಕ್ಷಣ ಹಿಡಿಯಬೇಕು, ಆಗ ಕಣ್ಣೂ ಇರುತ್ತೆ, ಕೊಡೆಯೂ ಇರುತ್ತೆ. ದೋಣಿಯಲ್ಲಿ ಕೂತಿದ್ದರಿಂದ ಕ್ಯಾಮೆರಾ ನೀರಿನ ಮಟ್ಟಕ್ಕೆ ಬಂತು. ನೀರಿಂದ ವಾಪಸ್ ಬಡಿದ ಬೆಳಕು ರೆಕ್ಕೆಯ ಅಡಿಗೂ ಬಿದ್ದು ಒಂದೊಂದೇ ಗರಿ ಕಂಡಿತು.

ಪದ್ಮಾ_ಟೀಚರ್
ಕಪ್ಪು ಅಂತ ನಾವು ಕರೆಯೋ ಎಷ್ಟೋ ಹಕ್ಕಿ ಕಪ್ಪೇ ಅಲ್ಲ, ಅದೂ ನೆನಪಿರಲಿ. ಆಫ್ರಿಕಾದ ಗ್ಲಾಸಿ ಸ್ಟಾರ್ಲಿಂಗುಗಳು (ನಮ್ಮ ಮೈನಾದ ನೆಂಟರು) ನೆರಳಲ್ಲಿ ಕಾಗೆ ಮರಿ, ಬಿಸಿಲಿಗೆ ಬಂದರೆ ಮೈಸೂರು ರೇಷ್ಮೆ. ಅದು ಬಳಿದ ಬಣ್ಣವಲ್ಲ, ಗರಿಯ ಒಳಗಿನ ಸಣ್ಣ ಪದರಗಳಿಂದ ಬೆಳಕು ಚಿಮ್ಮಿ ಬರುವ ಬಣ್ಣ. ಹಕ್ಕಿ ಸ್ವಲ್ಪ ತಿರುಗಿದರೆ ನೀಲಿ ಹೋಗಿ ಹಸಿರು, ಇನ್ನೂ ತಿರುಗಿದರೆ ಏನೂ ಇಲ್ಲ. ಹಾಗಾಗಿ ಒಂದೇ ಭಂಗಿಯಲ್ಲಿ ಐವತ್ತು ಫೋಟೋ ಬೇಡ. ಅದು ತಿರುಗೋವರೆಗೆ ಕಾಯಿರಿ.

ಜೂಮ್_ಜಗ್ಗ
ಆ ಮಿಂಚಿಗೆ ಹೊಳಪು ತಗ್ಗಿಸೋ ಪೋಲರೈಸರ್ ಫಿಲ್ಟರ್ ಹಾಕಿದರೆ?

ಕಾಜಾಣ_77
ಹಾಕಿದರೆ ಇರುವ ಬೆಳಕಲ್ಲೇ ಒಂದೂವರೆ ಸ್ಟಾಪ್ ಕಳ್ಕೊಳ್ತೀಯ, ಗರಿಯ ಹೊಳಪೂ ಮಂಕಾಗಬಹುದು. ಹಕ್ಕಿಗೆ ಬೇಡ.

ನನ್ನ ಹೆಸರಿನ ಋಣಕ್ಕಾದರೂ ಕಾಜಾಣದ ಮಾತು ಆಡಬೇಕು. ಅಲ್ಲಿನ ಫೋರ್ಕ್ ಟೇಲ್ಡ್ ಡ್ರೊಂಗೊ ನೋಡೋಕೆ ನಮ್ಮ ಕಾಜಾಣದ ಅವಳಿ. ಅದೇ ಕವಲು ಬಾಲ, ಅದೇ ಪುಂಡಾಟ. ಕಲಹರಿ ಮರುಭೂಮಿಯಲ್ಲಿ ಅದು ಮುಂಗುಸಿ ಜಾತಿಯ ಮೀರ್‌ಕ್ಯಾಟುಗಳ ಜೊತೆ ಇದ್ದು, ನಿಜವಾದ ಗಿಡುಗ ಬಂದಾಗ ಎಚ್ಚರಿಸುತ್ತೆ. ಆಮೇಲೆ ಯಾವುದಕ್ಕಾದರೂ ಒಳ್ಳೆ ಹುಳ ಸಿಕ್ಕಾಗ ಸುಳ್ಳೇ ಕೂಗುತ್ತೆ. ಅವು ಬಿಲಕ್ಕೆ ಓಡುತ್ತವೆ, ಹುಳ ಇದರ ಪಾಲು. ಒಂದೇ ಕೂಗಿಗೆ ಅವು ಮೋಸ ಹೋಗೋದು ಬಿಟ್ಟರೆ ಬೇರೆ ಹಕ್ಕಿ ಪ್ರಾಣಿಗಳ ಕೂಗು ಅಣಕಿಸುತ್ತೆ! ಅದರ ಕಣ್ಣು ಕೆಂಪು. ಆ ಕಣ್ಣಲ್ಲಿ ಒಂದು ಬೆಳಕಿನ ಚುಕ್ಕಿ ಬಂದರೆ ಫೋಟೋಗೆ ಜೀವ, ಇಲ್ಲದಿದ್ದರೆ ಎಷ್ಟು ಗರಿ ಕಂಡರೂ ಸತ್ತ ಹಕ್ಕಿ. ತಲೆ ಸ್ವಲ್ಪ ಸೂರ್ಯನ ಕಡೆ ತಿರುಗಿದಾಗ ಮಾತ್ರ ಕ್ಲಿಕ್ ಮಾಡಿ.

ಧಾರವಾಡದವ
ಸುಳ್ಳು ಹೇಳಿ ಊಟ ಹೊಡೀತದ ಅಂದ್ರ ನಮ್ಮ ಹಾಸ್ಟೆಲ್ ರೂಮ್‌ಮೇಟ್ ಇದ್ದಂಗ ಐತಿ.

ರೀಲು_ಕಾಲದವನು
ವಿಡೋಬರ್ಡ್ ಯಾರೂ ನೋಡಿಲ್ಲವೇ? ಕೀನ್ಯಾದ ಕಿನಾಂಗೋಪ್ ಎತ್ತರದ ಹುಲ್ಲುಗಾವಲಿನಲ್ಲಿ ಉದ್ದ ಬಾಲದ್ದು ಇದೆ. ಗುಬ್ಬಿಗಿಂತ ಸ್ವಲ್ಪ ದೊಡ್ಡ ಹಕ್ಕಿಗೆ ಅರ್ಧ ಮೀಟರ್ ಬಾಲ. ಮಾಲ್ಟೆ ಆಂಡರ್ಸನ್ ಎಂಬ ಸ್ವೀಡನ್ ವಿಜ್ಞಾನಿ ಅಲ್ಲೇ ಕೆಲವು ಗಂಡುಗಳ ಬಾಲ ಕತ್ತರಿಸಿ ಬೇರೆಯವಕ್ಕೆ ಗೋಂದು ಹಾಕಿ ಅಂಟಿಸಿದರು. ಅಂಟಿಸಿಕೊಂಡ ಉದ್ದ ಬಾಲದವಕ್ಕೆ ಹೆಣ್ಣುಗಳು ಜಾಸ್ತಿ ಒಲಿದವು. 1982ರಲ್ಲಿ ಪ್ರಕಟವಾಯಿತು. ಆ ಹಕ್ಕಿಯ ಫೋಟೋ ಮೋಡ ಇದ್ದಾಗಲೇ ತೆಗೆಯಬೇಕು. ಬಿಸಿಲಲ್ಲಿ ಬಾಲ ಒಂದು ಕಪ್ಪು ರಿಬ್ಬನ್ ಆಗುತ್ತದೆ, ಮೋಡದಲ್ಲಿ ಎಳೆ ಎಳೆ ಕಾಣುತ್ತದೆ.

ಲೋಕಲ್_ಫೋಕಲ್
ಮೋಡ ಇದ್ದರೆ ಹಿಂದೆ ಬಿಳೀ ಆಕಾಶ. ಅಂದರೆ ಪ್ಲಸ್! ನಾನು ಮೊದಲೇ ಹೇಳಿದ್ದೆ 😎

ಕಾಜಾಣ_77
ಇಲ್ಲಿ ಸರಿ. ಒಪ್ಪಿದೆ ಮಾರಾಯ.

ಜೂಮ್_ಜಗ್ಗ
ಎಲ್ಲಾ ಸರಿ, ಈಗ ಹೊಳೆದಂಡೆ ಅವರ 340 ಫೋಟೋ ಉಳಿಸೋಕಾಗುತ್ತಾ? ರಾ ಫೈಲ್ ಇದೆಯಾ? ಇದ್ದರೆ ತೂತಿನವೇ ವಾಸಿ. ಕಪ್ಪಾಗಿದ್ದನ್ನು ಎತ್ತಬಹುದು, ಉಕ್ಕಿ ಹೋದ ಕೆಂಪು ಪೂರ್ತಿ ವಾಪಸ್ ಬರಲ್ಲ. ಶ್ಯಾಡೋ, ಅಂದರೆ ಕತ್ತಲ ಭಾಗ ಎತ್ತಿ, ಆಮೇಲೆ ನಾಯ್ಸ್ (ಮರಳು ಚೆಲ್ಲಿದ ಹಾಗೆ ಕಾಣೋ ಚುಕ್ಕಿ) ತೆಗೆಯೋ ಸಾಫ್ಟ್‌ವೇರಿಗೆ ಹಾಕಿ. ಪೂರ್ತಿ ಎತ್ತಬೇಡಿ, ಇಲ್ಲದಿದ್ದರೆ ಬೂದಿಗೇ ವಾಪಸ್. ಕಪ್ಪು ಹಕ್ಕಿ ಕಪ್ಪಾಗೇ ಇರಬೇಕು.

ಹೊಳೆದಂಡೆ
ರಾ ಇದೆ. ಇವತ್ತು ರಾತ್ರಿ ಕೂರುತ್ತೇನೆ.

ಕಡಲ_ಕಾಗೆ
ಅಂದ ಹಾಗೆ ಮುಂದಿನ ವರ್ಷ ಹೋಗುವವರು ಯಾರಾದರೂ ಇದ್ದರೆ ಹಳದಿ ಜ್ವರದ ಲಸಿಕೆ ಕನಿಷ್ಠ ಹತ್ತು ದಿನ ಮೊದಲೇ ಹಾಕಿಸಿಕೊಳ್ಳಿ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಲ್ಲೇ ಆ ಕಾರ್ಡ್ ಕೇಳುತ್ತಾರೆ. ನನ್ನ ಜೊತೆಗಿದ್ದವನು ಅದನ್ನು ಚೆಕ್‌-ಇನ್ ಬ್ಯಾಗಲ್ಲಿ ಹಾಕಿಬಿಟ್ಟಿದ್ದ. ಆ ಕಥೆ ಬೇಡ.

ಹೊಳೆದಂಡೆ
ರಾತ್ರಿ ಎರಡು ಗಂಟೆ. ಹುತ್ತದ ಮೇಲೆ ನಿಂತ ಒಂದು ಫೋಟೋ ಎತ್ತಿದೆ, ಕೆಳಗೆ ಹಾಕಿದ್ದೇನೆ. ತೂತಿನೊಳಗಿಂದ ಹಕ್ಕಿ ಹೊರಗೆ ಬಂತು! ಕಣ್ಣಿಗೆ ರೆಪ್ಪೆ ಕೂದಲಿದೆ, ಹುಡುಗಿಯರು ಕಾಡಿಗೆ ತೀಡಿದ ಹಾಗೆ ಉದ್ದ ಉದ್ದ. ಜೀಪಲ್ಲಿ ಕೂತು ಇಪ್ಪತ್ತು ನಿಮಿಷ ನೋಡಿದ್ದರೂ ಇದು ಕಂಡಿರಲಿಲ್ಲ. ಕಪ್ಪೆ ಹಿಡಿದಿದ್ದ ಆ ದೊಡ್ಡ ಗಂಡೇ ಇದು. ಗಂಟಲ ಹತ್ತಿರ ಮಾತ್ರ ಏನೋ ನೀಲಿ ನೀಲಿ ಕಲೆ ಬಂದಿದೆ, ಶ್ಯಾಡೋ ಜಾಸ್ತಿ ಎತ್ತಿದ್ದಕ್ಕೆ ಬಣ್ಣ ಕೆಟ್ಟಿರಬೇಕು. ಅದನ್ನು ಹೇಗೆ ತೆಗೆಯೋದು?

ಪದ್ಮಾ_ಟೀಚರ್
ತೆಗೆಯಬೇಡಿ! ಬಣ್ಣ ಕೆಟ್ಟಿಲ್ಲ. ಕೆಂಪು ಗಂಟಲ ನಡುವೆ ನೇರಳೆ ನೀಲಿ ಮಚ್ಚೆ ಇದ್ದರೆ ಅದು ಹೆಣ್ಣು. ಗಂಡಿಗೆ ಗಂಟಲು ಪೂರ್ತಿ ಕೆಂಪು.

ಧಾರವಾಡದವ
340 ಫೋಟೋ ತಗದು ಗಂಡೋ ಹೆಣ್ಣೋ ಗೊತ್ತಾಗಲಿಲ್ಲೇನ್ರಿ!

ಹೊಳೆದಂಡೆ
ಟೀಚರ್, ಮನೆಯವರ ಗ್ರೂಪಲ್ಲಿ "ಗೌಡರು" ಅಂತ ಹೆಸರಿಟ್ಟು ಹಾಕಿಬಿಟ್ಟಿದ್ದೆ. ಈಗ "ಗೌಡತಿ" ಅಂತ ತಿದ್ದಿ ಬಂದೆ.